ಕತ್ತಿಯಲ್ಲಿ ‘ಬಿ’ ಗುಂಪಿನ ರಕ್ತ: ವರದಿ ಹೇಳುವುದೆಷ್ಟು, ನಾವು ಸೇರಿಸಿ ಓದುವುದೆಷ್ಟು

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಒಂದು ಹಳ್ಳಿ. 2025ರ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಒಂದು ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ನೆರೆಮನೆಯವರು ಅಡಿಕೆ ತೋಟದ ತೋಡಿನ ಬದಿಯಲ್ಲಿ ಕಡಿದ ಗಾಯಗಳಾಗಿ ಬಿದ್ದಿದ್ದರು. ಅವರ ಮನೆಯವರ ಬೊಬ್ಬೆ ಕೇಳಿ ಮೊದಲು ಓಡಿದವನು ನನ್ನ ತಮ್ಮ. ಅವನೂ ಇನ್ನೊಬ್ಬರೂ ಸೇರಿ ಎತ್ತಿ ಜೀಪಿನಲ್ಲಿ ಮಲಗಿಸಿದರು. ಎತ್ತುವಾಗ ನರಳಿದ ಹಾಗಿತ್ತು ಎನ್ನುತ್ತಾನೆ. ಆಸ್ಪತ್ರೆಗೆ ಮುಟ್ಟುವಾಗ ಜೀವ ಹೋಗಿತ್ತು. ಎರಡು ಮನೆಗಳಿಗೂ ಗಡಿಯ ತಕರಾರು ಇದ್ದದ್ದು ಹೌದು. ಮೂರನೇ ದಿನ ತಮ್ಮನನ್ನು ಕರೆದುಕೊಂಡು ಹೋದರು, ಅಂಗಿಯನ್ನೂ ತೆಗೆದುಕೊಂಡರು. ಐದನೇ ದಿನ ನಮ್ಮ ದನದ ಹಟ್ಟಿಯಿಂದ ಕತ್ತಿ ತೆಗೆದರು. ಈಗ ಪ್ರಯೋಗಾಲಯದ ವರದಿಗಳ ಪ್ರತಿ ಕೈಗೆ ಬಂದಿದೆ. ಕತ್ತಿಯಲ್ಲಿ ಮನುಷ್ಯರ ರಕ್ತ, ‘ಬಿ’ ಗುಂಪು ಅಂತೆ. ಅಂಗಿಯ ಕಲೆಯ ಡಿಎನ್‌ಎ ತೀರಿಕೊಂಡವರದ್ದಕ್ಕೆ ಸರಿಹೊಂದುತ್ತದಂತೆ. ಪೊಲೀಸರ ಕಾಗದವೆಲ್ಲ ಮಲಯಾಳದಲ್ಲಿ, ನಾವು ಓದಿದ್ದು ಕನ್ನಡದಲ್ಲಿ. ‘ವಿಜ್ಞಾನ ಸುಳ್ಳು ಹೇಳುವುದಿಲ್ಲ, ಇನ್ನು ಮಾಡುವುದಕ್ಕೇನೂ ಇಲ್ಲ’ ಎಂದು ಊರಿನಲ್ಲಿ ಹೇಳುತ್ತಿದ್ದಾರೆ. ಖಾಸಗಿ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದಾ? ಸುಳ್ಳುಪತ್ತೆ ಪರೀಕ್ಷೆಗೆ ತಮ್ಮನೇ ಒಪ್ಪಿದರೆ ಒಳ್ಳೆಯದಾ? ಶಿಕ್ಷೆ ಆಗಿಬಿಟ್ಟರೆ ಮುಂದೆ ದಾರಿ ಉಂಟಾ?
– ಹೆಸರು ಬೇಡವೆಂದ ಓದುಗರು, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ತಮ್ಮ ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ಒಂದು ಪತ್ರ ಓದಿ ಹೇಳಲಿಕ್ಕೆ ಯಾರಿಂದಲೂ ಆಗದು, ನಾನೂ ಹೇಳುವುದಿಲ್ಲ. ಆದರೆ ‘ಇನ್ನು ಮಾಡುವುದಕ್ಕೇನೂ ಇಲ್ಲ’ ಎಂಬ ಮಾತು ತಪ್ಪು. ನೀವು ಬರೆದ ಎರಡು ವರದಿಗಳೂ ಸಂಪೂರ್ಣ ಸರಿಯೆಂದೇ ಇಟ್ಟುಕೊಳ್ಳೋಣ. ಆಗಲೂ ಅವು ಕೊಲೆ ಮಾಡಿದವರು ಯಾರೆಂದು ಹೇಳುವುದಿಲ್ಲ. ಒಂದು ವಸ್ತುವಿನ ಮೇಲೆ ಒಂದು ಕಲೆ ಇತ್ತು ಎಂದಷ್ಟೇ ಹೇಳುತ್ತವೆ. ಆ ಕಲೆ ಅಲ್ಲಿಗೆ ಯಾವಾಗ, ಹೇಗೆ ಬಂತು ಎಂಬುದು ವರದಿಯ ಹೊರಗಿನ ವಿಷಯ. ನಿಮ್ಮ ತಮ್ಮನ ಪ್ರಕರಣ ನಿಂತಿರುವುದು ಅಲ್ಲಿಯೇ.

ಮೊದಲು ತುರ್ತಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 330ನೇ ಕಲಮಿನಂತೆ, ಪ್ರಾಸಿಕ್ಯೂಷನ್ ಪಟ್ಟಿ ಮಾಡಿ ಕೊಟ್ಟ ದಾಖಲೆಗಳನ್ನು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಪ್ರತಿ ಕೈಸೇರಿದ 30 ದಿನಗಳೊಳಗೆ ತಿಳಿಸಬೇಕು. ವರದಿಯನ್ನು ಯಾರೂ ಪ್ರಶ್ನಿಸದಿದ್ದರೆ ಅದನ್ನು ಬರೆದ ತಜ್ಞರನ್ನು ಕೋರ್ಟಿಗೆ ಕರೆಸುವಂತಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಸರಕಾರಿ ಪ್ರಯೋಗಾಲಯದ ವರದಿಗೆ 329ನೇ ಕಲಮಿನ ಬಲ ಬೇರೆ ಇದೆ. ತಜ್ಞರು ಕಟಕಟೆ ಹತ್ತದೆಯೇ ಅದನ್ನು ಸಾಕ್ಷ್ಯವಾಗಿ ಬಳಸಬಹುದು. ಹಾಗಾಗಿ ‘ತಕರಾರಿಲ್ಲ’ ಎಂಬ ಒಂದು ಸಹಿ ಬಿದ್ದರೆ, ಮುಂದೆ ಬರೆಯುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲನ್ನು ಕೇಳಲಿಕ್ಕೆ ಎದುರಿಗೆ ಯಾರೂ ಇರುವುದಿಲ್ಲ. ಅವಧಿ ಸಡಿಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ಅದನ್ನು ನಂಬಿ ಕೂರಬೇಡಿ. ವರದಿ ಕೈಗೆ ಬಂದ ದಿನಾಂಕವನ್ನು ಇವತ್ತೇ ನಿಮ್ಮ ವಕೀಲರಿಗೆ ಹೇಳಿ.

ಇನ್ನು ಕತ್ತಿ. ಕತ್ತಿಯ ಮೇಲಿನ ಕಂದು ಕಲೆಯನ್ನು ಪ್ರಯೋಗಾಲಯ ಮೆಟ್ಟಿಲು ಮೆಟ್ಟಿಲಾಗಿ ನೋಡುತ್ತದೆ. ಮೊದಲನೆಯದು ಬಣ್ಣದ ಪರೀಕ್ಷೆ, ಬೆಂಜಿಡಿನ್ ಅಥವಾ ಫಿನಾಲ್ಫ್‌ಥಲೀನ್ ಹಾಕಿ ನೋಡುವುದು. ರಕ್ತದ ಹಿಮೋಗ್ಲೋಬಿನ್ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದಾಗ ಬಣ್ಣ ಬರುತ್ತದೆ. ಅದೇ ಕೆಲಸವನ್ನು ಕಬ್ಬಿಣದ ತುಕ್ಕು, ತಾಮ್ರದ ಲವಣಗಳು, ಕೆಲವು ಗಿಡಗಳ ರಸ ಕೂಡ ಮಾಡಬಲ್ಲವು. ನಮ್ಮ ಕಡೆಯ ಹಟ್ಟಿಯಲ್ಲಿ ಸಿಕ್ಕಿಸಿಟ್ಟ ಕತ್ತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮಳೆಗಾಲ ಅಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಅದು ಮೆತ್ತಿದ ಕೈಯಲ್ಲೇ ಹಿಡಿದ ಕತ್ತಿ, ಅದರ ಮೇಲೆ ತುಕ್ಕು, ಹಿಡಿಯ ಸಂದಿಯಲ್ಲಿ ಹುಲ್ಲು ಸೊಪ್ಪಿನ ರಸ. ಬಣ್ಣದ ಪರೀಕ್ಷೆಯನ್ನು ಮೋಸಗೊಳಿಸಲು ಬೇಕಾದದ್ದೆಲ್ಲ ಒಂದೇ ಕಡೆ ಇದೆ.

ಇದು ಬರೀ ಊಹೆಯ ಅಪಾಯವಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಉಲುರು ಬಳಿ ಒಂಬತ್ತು ವಾರದ ಹಸುಳೆಯೊಂದು ಡೇರೆಯಿಂದ ಕಾಣೆಯಾಯಿತು. ಡಿಂಗೋ ಎಂಬ ಕಾಡುನಾಯಿ ಎತ್ತಿಕೊಂಡು ಹೋಯಿತೆಂದು ತಾಯಿ ಲಿಂಡಿ ಚೇಂಬರ್ಲೇನ್ ಹೇಳಿದರೆ ನಂಬಲಿಲ್ಲ. ಅವರ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎಳೆಗೂಸಿನ ರಕ್ತ ಚಿಮ್ಮಿದೆ ಎಂದು ತಜ್ಞರು ಸಾಕ್ಷಿ ನುಡಿದರು, 1982ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ನೋಡಿದರೆ ಆ ‘ರಕ್ತ’ ಸದ್ದು ತಡೆಯಲಿಕ್ಕೆ ಕಾರ್ಖಾನೆಯಲ್ಲೇ ಸಿಂಪಡಿಸಿದ ಟಾರಿನಂಥ ಲೇಪ. ಆ ಕುಟುಂಬ ವಾಸವಿದ್ದದ್ದು ಮೌಂಟ್ ಐಸಾ ಎಂಬ ತಾಮ್ರದ ಗಣಿಯ ಊರಿನಲ್ಲಿ, ತಾಮ್ರದ ಧೂಳು ಕೂಡ ಪರೀಕ್ಷೆಯ ದಾರಿ ತಪ್ಪಿಸಿತ್ತು. 1986ರಲ್ಲಿ ಬಿಡುಗಡೆ, 1988ರಲ್ಲಿ ಶಿಕ್ಷೆ ರದ್ದು. ಮಗುವನ್ನು ಕೊಂದದ್ದು ಡಿಂಗೋ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ.

ನಿಮ್ಮ ವರದಿಯಲ್ಲಿ ‘ಮಾನವ ರಕ್ತ, ಬಿ ಗುಂಪು’ ಎಂದಿರುವುದರಿಂದ ಬಣ್ಣದ ಮೆಟ್ಟಿಲು ದಾಟಿದ್ದಾರೆ ಎಂದಾಯಿತು. ಹರಳು ಕಟ್ಟಿಸುವ ಖಚಿತ ಪರೀಕ್ಷೆ ಮಾಡಿದರೇ, ಮನುಷ್ಯರ ರಕ್ತವೋ ಕೋಳಿಯದ್ದೋ ಎಂದು ತೋರಿಸುವ ಪ್ರೆಸಿಪಿಟಿನ್ ಪರೀಕ್ಷೆಯ ಟಿಪ್ಪಣಿ ಎಲ್ಲಿದೆ, ಕಲೆಯಿಲ್ಲದ ಜಾಗದಿಂದಲೂ ಹೋಲಿಕೆಗೆ ಮಾದರಿ ತೆಗೆದರೇ ಎಂಬುದನ್ನು ಕೇಳಬೇಕು. ಈ ಕೊನೆಯದಕ್ಕೆ ಕಾರಣವಿದೆ. ನೂರರಲ್ಲಿ ಸುಮಾರು ಎಂಬತ್ತು ಮಂದಿಯ ಎಂಜಲು, ಬೆವರುಗಳಲ್ಲಿಯೂ ರಕ್ತದ ಗುಂಪಿನ ಅಂಶ ಇರುತ್ತದೆ. ವರ್ಷಗಟ್ಟಲೆ ಒಬ್ಬರೇ ಹಿಡಿದ ಮರದ ಹಿಡಿಗೆ ಅವರ ಗುಂಪೇ ಅಂಟಿರಬಹುದು. ಕೆಲವು ಬ್ಯಾಕ್ಟೀರಿಯಾಗಳ ಮೇಲ್ಪದರದಲ್ಲೂ ‘ಬಿ’ಯಂಥದೇ ಅಂಶವಿದೆ, ಹಟ್ಟಿಯಂಥ ಜಾಗದಲ್ಲಿ ಅವು ಧಾರಾಳ. ನಿಮ್ಮ ತಮ್ಮನ ಸ್ವಂತ ರಕ್ತದ ಗುಂಪು ಯಾವುದೆಂದು ಯಾರಾದರೂ ನೋಡಿದ್ದಾರೆಯೇ? ಅದೂ ‘ಬಿ’ ಆದರೆ ವಿಷಯವೇ ಬದಲಾಯಿತು. ಕತ್ತಿ ಹಿಡಿಯುವ ಕೈಗೆ ವರ್ಷಕ್ಕೊಮ್ಮೆಯಾದರೂ ಗಾಯವಾಗದ ಕೃಷಿಕರಿಲ್ಲ.

ಎಲ್ಲವೂ ಸರಿಯಾಗಿಯೇ ನಡೆದಿದೆ ಎಂದುಕೊಂಡರೂ ಗುಂಪು ಹೊಂದುವುದು ದೊಡ್ಡ ಮಾತಲ್ಲ. ನಮ್ಮ ದೇಶದಲ್ಲಿ ‘ಓ’ ಮತ್ತು ‘ಬಿ’ ಗುಂಪಿನವರೇ ಬಹುಪಾಲು, ಹತ್ತು ಮಂದಿಯಲ್ಲಿ ಮೂವರು ‘ಬಿ’ ಸಿಗುತ್ತಾರೆ. ಸತ್ತವರ ಗುಂಪಿನ ರಕ್ತ ಆಯುಧದ ಮೇಲೆ ಸಿಕ್ಕಿತು ಎಂಬುದೊಂದರಿಂದಲೇ ಕೊಲೆ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಛತ್ತೀಸ್‌ಗಢದ ಪ್ರಕರಣದಲ್ಲಿಯೂ 2025ರ ಜೂನ್‌ನಲ್ಲಿ ರಾಜಸ್ಥಾನದ ಪ್ರಕರಣದಲ್ಲಿಯೂ ಹೇಳಿದೆ. ಕತ್ತಿಯ ಮೇಲಿನ ಕಲೆಯ ಡಿಎನ್‌ಎ ಯಾಕೆ ನೋಡಲಿಲ್ಲ ಎಂಬುದೂ ನ್ಯಾಯವಾದ ಪ್ರಶ್ನೆ. ಅಂಗಿಗೆ ಮಾಡಿದ ಪರೀಕ್ಷೆಯನ್ನು ಕತ್ತಿಗೆ ಮಾಡಲಿಲ್ಲವೋ, ಮಾಡಿ ಫಲಿತಾಂಶ ಬರಲಿಲ್ಲವೋ? ಎರಡೂ ಬೇರೆ ಬೇರೆ.

ಅಂಗಿಯ ಡಿಎನ್‌ಎ ವಿಷಯದಲ್ಲಿ ನನ್ನ ಸಲಹೆ ನಿಮಗೆ ಅನಿರೀಕ್ಷಿತ ಅನಿಸಬಹುದು. ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ರಕ್ತದಲ್ಲಿ ನೆನೆದ ಬಟ್ಟೆಯಿಂದ ಸಿಗುವ ಡಿಎನ್‌ಎ ಸಾಮಾನ್ಯವಾಗಿ ಗಟ್ಟಿ ಫಲಿತಾಂಶ. ಪರೀಕ್ಷೆಗೆ ಒಂದು ನ್ಯಾನೋಗ್ರಾಂ, ಎಂದರೆ ಇನ್ನೂರಕ್ಕೂ ಕಡಿಮೆ ಜೀವಕೋಶಗಳ ಡಿಎನ್‌ಎ ಸಾಕು, ಅಂಗಿಯಲ್ಲಿ ಅದರ ಎಷ್ಟೋ ಪಾಲು ಇದ್ದಿರುತ್ತದೆ. ನಿಮ್ಮ ತಮ್ಮ ಗಾಯಾಳುವನ್ನು ಎತ್ತಿದ್ದು ನಿಜವಾದರೆ ಅವರ ರಕ್ತ ಅಂಗಿಗೆ ತಾಗಲೇಬೇಕು. ತಾಗದಿದ್ದರೆ ಎತ್ತಿದ ಮಾತೇ ಅನುಮಾನಕ್ಕೆ ಬರುತ್ತಿತ್ತು. ‘ಅದು ರಕ್ತವೇ ಅಲ್ಲ, ಪೊಲೀಸರೇ ಹಚ್ಚಿದ್ದು’ ಎಂದು ಒಂದು ಕಡೆ, ‘ಎತ್ತುವಾಗ ತಾಗಿದ್ದು’ ಎಂದು ಇನ್ನೊಂದು ಕಡೆ ಹೇಳಿದರೆ ಎರಡೂ ಹೋಗುತ್ತವೆ. ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಆರೋಪಿಯ ಸುಳ್ಳು ವಿವರಣೆಯನ್ನು ಸರಪಳಿಯ ಹೆಚ್ಚುವರಿ ಕೊಂಡಿಯಾಗಿ ಪ್ರಾಸಿಕ್ಯೂಷನ್ ಬಳಸಿಕೊಳ್ಳಬಹುದು. ಎತ್ತಿದ ಸಂಗತಿ ಮೊದಲ ಸಾಕ್ಷಿಯ ಪಾಟೀಸವಾಲಿನಿಂದ ಹಿಡಿದು, ಕೊನೆಯಲ್ಲಿ ನ್ಯಾಯಾಧೀಶರು ಸಂಹಿತೆಯ 351ನೇ ಕಲಮಿನಡಿ ಆರೋಪಿಯನ್ನೇ ಕೇಳುವವರೆಗೆ ಒಂದೇ ರೀತಿಯಲ್ಲಿ ಬರಬೇಕು.

ಆಗ ಉಳಿಯುವ ಪ್ರಶ್ನೆ ಕಲೆಯ ಆಕಾರದ್ದು. ಎತ್ತುವಾಗ ತಾಗಿದ ರಕ್ತ ಎದೆ, ತೋಳು, ಹೊಟ್ಟೆಯ ಭಾಗದಲ್ಲಿ ಒತ್ತಿದ ಹಾಗೆ, ಒರಸಿದ ಹಾಗೆ, ನೆನೆದ ಹಾಗೆ ಇರುತ್ತದೆ. ಕಡಿಯುವಾಗ ಚಿಮ್ಮಿದ್ದಾದರೆ ಸಣ್ಣ ಹನಿಗಳು. ಹೇಳಲಿಕ್ಕೆ ಸುಲಭ, ತೀರ್ಮಾನಿಸಲು ಕಷ್ಟ. ಗಂಟಲಿಗೋ ಎದೆಗೋ ಪೆಟ್ಟಾದವರು ನರಳುವಾಗ, ಕೆಮ್ಮುವಾಗ ಉಸಿರಿನೊಂದಿಗೆ ಸೂಕ್ಷ್ಮ ಹನಿಗಳು ಹಾರಿ ಎತ್ತಿದವರ ಮೇಲೂ ಬೀಳುತ್ತವೆ. ಇಂಗ್ಲೆಂಡಿನಲ್ಲಿ 1997ರ ಕೊಲೆಯೊಂದರಲ್ಲಿ ಸಾಕುತಂದೆಯ ಬಟ್ಟೆಯ ಮೇಲಿನ ಇಂಥ ಹನಿಗಳಿಂದಲೇ ಮರುವರ್ಷ ಶಿಕ್ಷೆಯಾಗಿ, 2004ರಲ್ಲಿ ಅದು ರದ್ದಾಯಿತು. ಎರಡು ಬಾರಿ ಮರುವಿಚಾರಣೆ ನಡೆದರೂ ಜ್ಯೂರಿಗಳಿಗೆ ಒಮ್ಮತ ಬಾರದೆ 2006ರಲ್ಲಿ ಅವರು ದೋಷಮುಕ್ತರಾದರು. ರಕ್ತದ ಕಲೆಯ ವಿನ್ಯಾಸ ನೋಡಿ ಹೇಳುವ ಅಭಿಪ್ರಾಯಗಳಲ್ಲಿ ಅನಿಶ್ಚಿತತೆ ವಿಪರೀತ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರ ತನ್ನ ವರದಿಯಲ್ಲಿಯೇ ಹೇಳಿತ್ತು. ‘ನರಳಿದ ಹಾಗಿತ್ತು’ ಎಂದು ನೀವು ಬರೆದ ಒಂದು ಸಾಲಿಗೆ ಇಷ್ಟು ಬೆಲೆ ಇದೆ. ಶ್ವಾಸನಾಳಕ್ಕೆ ಪೆಟ್ಟಾಗಿತ್ತೇ, ಬಾಯಿ ಮೂಗಿನಲ್ಲಿ ರಕ್ತವಿತ್ತೇ ಎಂಬುದು ಮರಣೋತ್ತರ ವರದಿಯಲ್ಲಿ ಸಿಗುತ್ತದೆ. ಕಲೆಯ ಜಾಗಗಳನ್ನು ಗುರುತಿಸಿದ ಚಿತ್ರವೋ ಫೋಟೊವೋ ಪ್ರಯೋಗಾಲಯದ ಕಡತದಲ್ಲಿ ಇರಬೇಕು, ಇಲ್ಲದಿದ್ದರೆ ಯಾವ ಕಲೆಯಿಂದ ತುಂಡು ಕತ್ತರಿಸಿದರೆಂದೇ ತಿಳಿಯದು.

ಡಿಎನ್‌ಎ ಗಟ್ಟಿ ಎಂದೆ. ಗಟ್ಟಿಯಾಗಿರುವುದರಿಂದಲೇ ಅದರ ತಪ್ಪು ಅಪಾಯಕಾರಿ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸಿನ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿ, ಪೊಲೀಸರು ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ಗೊತ್ತಾದದ್ದು, ಅದು ಮಾದರಿ ಒರಸುವ ಹತ್ತಿಕಡ್ಡಿಗಳ ತಯಾರಿಯ ಹಂತದಲ್ಲಿ ಕೈಯಾಡಿಸಿದ ಕೆಲಸಗಾರ್ತಿಯದ್ದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವರ ಉಗುರಿನಡಿ ಸಿಕ್ಕಿದ ಡಿಎನ್‌ಎಯ ಒಡೆಯ ಆ ರಾತ್ರಿಯೆಲ್ಲ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಇಬ್ಬರನ್ನೂ ನೋಡಿಕೊಂಡ ಆಂಬುಲೆನ್ಸ್ ಸಿಬ್ಬಂದಿ ಒಬ್ಬರೇ, ಅವರ ಮೂಲಕ ಸಾಗಿತ್ತು. ವರದಿಯಲ್ಲಿ ‘ವೈ’ ಕ್ರೋಮೋಸೋಮಿನ ಪರೀಕ್ಷೆ ಎಂದಿದ್ದರೆ ಇನ್ನೊಂದು ಎಚ್ಚರ ಬೇಕು. ತುಳುನಾಡಿನಲ್ಲಿ ‘ಬಳಿ’ ಎಂಬ ಕುಲದ ಗುರುತು ತಾಯಿಯ ಕಡೆಯಿಂದ ಬಂದರೆ ‘ವೈ’ ಬರುವುದು ತಂದೆಯ ಕಡೆಯಿಂದ. ಅಪ್ಪ, ಮಗ, ಅಣ್ಣ, ತಮ್ಮ, ದೊಡ್ಡಪ್ಪನ ಮಗ ಎಲ್ಲರದ್ದೂ ಒಂದೇ. ಮಾಮೂಲಿ ಪರೀಕ್ಷೆಯಾದರೆ, ಈ ಮಾದರಿ ಅಕಸ್ಮಾತ್ತಾಗಿ ಬೇರೊಬ್ಬರಿಗೆ ಹೊಂದುವ ಸಂಭವ ಎಷ್ಟರಲ್ಲಿ ಒಂದು ಎಂಬ ಅಂಕಿ ವರದಿಯಲ್ಲಿರಬೇಕು. ‘ಹೊಂದುತ್ತದೆ’ ಎಂಬ ಒಂದೇ ಪದ ಸಾಲದು.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಭಾಗ. ವರದಿಯ ಕೊನೆಯ ಸಾಲನ್ನು ಎಲ್ಲರೂ ಓದುತ್ತಾರೆ, ವಸ್ತು ನಡೆದುಬಂದ ದಾರಿಯನ್ನು ಓದುವವರು ಕಡಿಮೆ. ತಪ್ಪು ಶಿಕ್ಷೆಗಳು ಹುಟ್ಟುವುದು ಹೆಚ್ಚಾಗಿ ಆ ದಾರಿಯಲ್ಲಿ. ಅಂಗಿ ಮತ್ತು ಕತ್ತಿ ಮಹಜರಿನ ಜಾಗದಿಂದ ಠಾಣೆಗೆ, ಅಲ್ಲಿಂದ ಕೋರ್ಟಿನಲ್ಲಿ ತೊಂಡಿ, ಎಂದರೆ ಮುದ್ದೆಮಾಲು ನೋಡಿಕೊಳ್ಳುವ ಗುಮಾಸ್ತರ ಕೈಗೆ, ಅಲ್ಲಿಂದ ಫಾರ್ವರ್ಡಿಂಗ್ ನೋಟಿನೊಂದಿಗೆ ಪ್ರಯೋಗಾಲಯಕ್ಕೆ ಹೋಗುತ್ತವೆ. ಅದು ಕಣ್ಣೂರಿಗಿರಬಹುದು, 550 ಕಿಲೋಮೀಟರ್ ಮೀರಿದ ತಿರುವನಂತಪುರಕ್ಕೂ ಇರಬಹುದು. ಒಂದು ಹಾಳೆಯಲ್ಲಿ ಈ ದಿನಾಂಕಗಳನ್ನು ಸಾಲಾಗಿ ಬರೆಯಿರಿ: ವಶಪಡಿಸಿಕೊಂಡದ್ದು, ಕೋರ್ಟಿಗೆ ಹಾಜರುಪಡಿಸಿದ್ದು, ಫಾರ್ವರ್ಡಿಂಗ್ ನೋಟ್ ಬರೆದದ್ದು, ಪ್ರಯೋಗಾಲಯ ಸ್ವೀಕರಿಸಿದ್ದು, ಕಟ್ಟು ಬಿಚ್ಚಿ ಪರೀಕ್ಷೆ ಶುರು ಮಾಡಿದ್ದು. ನಡುವೆ ಖಾಲಿ ಬಿದ್ದ ದಿನಗಳು ಎಷ್ಟು, ಆ ದಿನಗಳಲ್ಲಿ ವಸ್ತು ಯಾರ ಬೀರಿನಲ್ಲಿತ್ತು? ಮಹಜರಿನಲ್ಲಿ ಒತ್ತಿದ ಮಾದರಿ ಮೊಹರು, ಫಾರ್ವರ್ಡಿಂಗ್ ನೋಟಿನ ಮೊಹರು, ‘ಮೊಹರು ಸರಿಯಿತ್ತು, ಮಾದರಿಗೆ ಹೊಂದಿತು’ ಎಂದು ಪ್ರಯೋಗಾಲಯ ಬರೆದ ಸಾಲು, ಈ ಮೂರೂ ಒಂದೇ ಆಗಿರಬೇಕು. ಅಬಕಾರಿ ಪ್ರಕರಣಗಳಲ್ಲಿ ಮಾದರಿ ಮೊಹರು ಇಲ್ಲವೆಂಬ ಕಾರಣಕ್ಕೇ ಕೇರಳ ಹೈಕೋರ್ಟ್ ಶಿಕ್ಷೆ ರದ್ದು ಮಾಡಿದ್ದುಂಟು. ಕೊಲೆ ಪ್ರಕರಣದಲ್ಲಿ ಅದೊಂದೇ ಸಾಲದಿದ್ದರೂ ತಕ್ಕಡಿಯಲ್ಲಿ ತೂಕವಿದೆ.

ಕಟ್ಟಿದ ರೀತಿಯನ್ನೂ ನೋಡಿ. ರಕ್ತವಾದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಕವರಿನಲ್ಲಿ ಹಾಕಬೇಕು. ಒಗೆದ ಬಟ್ಟೆಯೇ ಮೂರು ದಿನ ಒಣಗದ ಆಟಿಯಲ್ಲಿ ಹಸಿ ಅಂಗಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಸ್ಟು ಹಿಡಿದು ರಕ್ತದ ಗುಂಪೂ ಡಿಎನ್‌ಎಯೂ ಕೆಡುತ್ತವೆ. ಅದಕ್ಕಿಂತ ಕೆಟ್ಟದ್ದು ಅಂಗಿಯನ್ನೂ ಕತ್ತಿಯನ್ನೂ ಒಂದೇ ಚೀಲದಲ್ಲಿ, ಅಥವಾ ಸರಿಯಾಗಿ ಮುಚ್ಚದೆ ಒಂದೇ ಪೆಟ್ಟಿಗೆಯಲ್ಲಿ ಒಯ್ಯುವುದು. ಅಂಗಿಯ ರಕ್ತ ಕತ್ತಿಗೆ ತಾಗಲು ಒಂದು ಒದ್ದೆ ಮೂಲೆ ಸಾಕು. ನಿಮ್ಮ ಪ್ರಕರಣದಲ್ಲಿ ಅಂಗಿ ಮೂರನೇ ದಿನ, ಕತ್ತಿ ಐದನೇ ದಿನ. ಎರಡೂ ಒಂದೇ ಠಾಣೆಯಲ್ಲಿದ್ದವು. ಈ ಪ್ರಶ್ನೆಯನ್ನು ಬಿಡಲೇಬಾರದು.

ದೆಹಲಿಯ ಛಾವಲಾ ಅತ್ಯಾಚಾರ-ಕೊಲೆ ಪ್ರಕರಣದಲ್ಲಿ 2012ರ ಫೆಬ್ರವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು 27ರವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ ಇದ್ದವು. ತಜ್ಞರು ಯಾವ ವಿಧಾನವನ್ನು ಸರಿಯಾಗಿ ಅನುಸರಿಸಿದರೆಂದು ಕೆಳಗಿನ ಎರಡೂ ಕೋರ್ಟುಗಳು ನೋಡಲಿಲ್ಲ. ಗಲ್ಲುಶಿಕ್ಷೆಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ತಮಿಳುನಾಡಿನ ತೇನಿ ಜಿಲ್ಲೆಯ 2011ರ ಜೋಡಿ ಕೊಲೆಯಲ್ಲಿ ಗಲ್ಲಿನ ಶಿಕ್ಷೆಗೊಳಗಾದವರನ್ನು 2025ರ ಜುಲೈ 15ರಂದು ಬಿಟ್ಟಾಗ, ಡಿಎನ್‌ಎ ಮಾದರಿಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನೂ ಕೊಟ್ಟಿತು. ಸಂಗ್ರಹಿಸಿದ 48 ಗಂಟೆಗಳೊಳಗೆ ಮಾದರಿ ಪ್ರಯೋಗಾಲಯ ಮುಟ್ಟಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ವಿಚಾರಣಾ ಕೋರ್ಟಿನ ಅನುಮತಿಯಿಲ್ಲದೆ ಕಟ್ಟು ಬಿಚ್ಚುವಂತಿಲ್ಲ. ಕೈಯಿಂದ ಕೈಗೆ ಹೋದ ದಾಖಲೆಯ ರಿಜಿಸ್ಟರನ್ನು ಪ್ರಕರಣ ಮುಗಿಯುವವರೆಗೆ ಇಡಬೇಕು. ನಿಮ್ಮ ಪ್ರಕರಣ ಅದರ ನಂತರದ್ದು. ಆ ರಿಜಿಸ್ಟರನ್ನು ತರಿಸಿ ಎಂದು ಅರ್ಜಿ ಹಾಕಬಹುದು.

ಕತ್ತಿ ಸಿಕ್ಕಿದ ಮಹಜರು ಗಡಿನಾಡಿನಲ್ಲಿ ವಿಶೇಷ ಗಮನ ಬೇಡುವ ಕಾಗದ. ಕಸ್ಟಡಿಯಲ್ಲಿ ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಲ್ಲ. ಆ ಮಾತಿನಿಂದ ಒಂದು ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಬಾಗಿಲು ತೆರೆಯುತ್ತದೆ. ‘ಕತ್ತಿ ಇಟ್ಟ ಜಾಗ ತೋರಿಸುತ್ತೇನೆ’ ಎಂಬುದು ಒಳಗೆ ಬರುತ್ತದೆ, ‘ಕಡಿದ ಕತ್ತಿ’ ಎಂಬುದರ ‘ಕಡಿದ’ ಹೊರಗೇ ಉಳಿಯುತ್ತದೆ. ಪುಲುಕುರಿ ಕೊಟ್ಟಯ್ಯ ಪ್ರಕರಣದ ತೀರ್ಪಿನಿಂದ, 1946ರ ಕೊನೆಯಿಂದ, ಇದೇ ನಿಯಮ. ಹೇಳಿದವರ ಮಾತು ಅವರ ಬಾಯಿಯಲ್ಲಿ ಬಂದ ಹಾಗೆಯೇ, ಸ್ವತಂತ್ರ ಪಂಚರ ಎದುರಿಗೆ ದಾಖಲಾಗಿರಬೇಕು ಎಂದು 2022ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ನಿಮ್ಮ ತಮ್ಮ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ ಕಾಗದದಲ್ಲಿ ಶುದ್ಧ ಮಲಯಾಳ ಇದ್ದರೆ, ಅದು ಅವರ ಮಾತಲ್ಲ, ಇನ್ನೊಬ್ಬರ ಅನುವಾದ. ಅನುವಾದಿಸಿದವರು ಯಾರು? ಸಹಿ ಹಾಕಿದ ಪಂಚರಿಗೆ ಮಲಯಾಳ ಓದಲು ಬರುತ್ತದೆಯೇ? ಓದಿ ಹೇಳಿದ ದಾಖಲೆ ಇದೆಯೇ? ಹಟ್ಟಿಗೆ ಬಾಗಿಲು, ಬೀಗ ಇತ್ತೇ, ಮೊದಲ ದಿನವೇ ಪೊಲೀಸರು ಅಲ್ಲಿ ಹುಡುಕಿದ್ದರೇ? ಶೋಧ ಮತ್ತು ವಶಪಡಿಸುವಿಕೆಯನ್ನು ವಿಡಿಯೊ ಮಾಡಬೇಕೆಂದು ಸಂಹಿತೆಯ 105ನೇ ಕಲಮಿದೆ. ಆ ವಿಡಿಯೊದ ಪ್ರತಿ ಕೇಳಿ. ಮಾತು ಯಾವ ಭಾಷೆಯದೆಂದು ಅದರಲ್ಲಿ ಕೇಳಿಸುತ್ತದೆ.

ಸತ್ತ ಹೊತ್ತಿನ ಬಗ್ಗೆಯೂ ಒಂದು ಭ್ರಮೆ ಇದೆ, ವೈದ್ಯರು ಗಡಿಯಾರ ನೋಡಿ ಹೇಳಿದ ಹಾಗೆ ಹೇಳುತ್ತಾರೆ ಎಂದು. ದೇಹ ಸೆಟೆಯುವುದು ಪೂರ್ತಿಯಾಗಲು ಸುಮಾರು 12 ಗಂಟೆ, ಸೆಟೆತ ಇಳಿಯುವುದು ನಮ್ಮ ದೇಶದ ಸೆಖೆಯಲ್ಲಿ 18ರಿಂದ 36 ಗಂಟೆಯೊಳಗೆ ಎಂಬಷ್ಟು ಅಗಲದ ಲೆಕ್ಕ ಅದು. ರಾತ್ರಿಯಿಡೀ ಶವಾಗಾರದ ತಂಪಿನಲ್ಲಿಟ್ಟಿದ್ದರೆ ಇನ್ನೂ ಏರುಪೇರು. ಹೊಟ್ಟೆಯಲ್ಲಿದ್ದ ಅನ್ನ ನೋಡಿ ಹೇಳುವುದಂತೂ ಭರವಸೆಗೆ ತಕ್ಕದ್ದಲ್ಲ, ಹೆದರಿಕೆ, ಗಾಯಗಳು ಜೀರ್ಣವನ್ನೇ ನಿಲ್ಲಿಸುತ್ತವೆ. ನಿಮ್ಮ ವಿಷಯದಲ್ಲಿ ವೈದ್ಯರನ್ನು ಕೇಳಬೇಕಾದದ್ದು ಬೇರೆ: ಈ ಗಾಯಗಳಾದ ಮೇಲೆ ಎಷ್ಟು ಹೊತ್ತು ಜೀವ ಹಿಡಿದಿರಬಹುದು? ಕುತ್ತಿಗೆಯ ದೊಡ್ಡ ರಕ್ತನಾಳ ತುಂಡಾಗಿದ್ದರೆ ನಿಮಿಷಗಳ ಮಾತು. ಒಂಬತ್ತಕ್ಕೆ ನರಳುತ್ತಿದ್ದರೆ ಕಡಿದದ್ದು ಅದಕ್ಕೆ ಸ್ವಲ್ಪ ಮೊದಲು ಎಂದಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ತಮ್ಮ ಎಲ್ಲಿದ್ದರು ಎಂಬುದಕ್ಕೆ ಸಾಕ್ಷಿ ಇದ್ದರೆ ಈ ಉತ್ತರ ನಿಮ್ಮನ್ನು ಕಾಪಾಡುತ್ತದೆ, ಇಲ್ಲದಿದ್ದರೆ ತಿರುಗಿ ಕಡಿಯುತ್ತದೆ. ಕೇಳುವ ಮೊದಲು ವಕೀಲರು ಉತ್ತರ ಊಹಿಸಿರಬೇಕು. ಈ ಕತ್ತಿಯಿಂದ ಗಾಯ ‘ಆಗಿರಬಹುದು’ ಎಂದು ವೈದ್ಯರು ಬರೆದಿದ್ದರೆ, ಊರಿನ ಪ್ರತಿ ಮನೆಯ ಕತ್ತಿಯಿಂದಲೂ ಆಗಿರಬಹುದು ಎಂದೇ ಅರ್ಥ.

ಪೊಲೀಸ್ ನಾಯಿ ನಿಮ್ಮ ಅಂಗಳಕ್ಕೆ ಬಂದು ನಿಂತಿತು ಎಂಬಂಥದ್ದೇನಾದರೂ ಇದ್ದರೆ ಹೆದರಬೇಕಿಲ್ಲ, ಅದರ ಮೇಲೆ ಕೋರ್ಟುಗಳು ಭಾರ ಹಾಕುವುದಿಲ್ಲ. ಮೊಬೈಲ್ ಮಾತ್ರ ಉಪಯೋಗಕ್ಕೆ ಬಂದೀತು. ಟವರ್ ಒಂದು ಬಿಂದುವನ್ನು ತೋರಿಸುವುದಿಲ್ಲ, ಗುಡ್ಡದ ಊರುಗಳಲ್ಲಿ ಕಿಲೋಮೀಟರ್‌ಗಟ್ಟಲೆ ವ್ಯಾಪ್ತಿ. ಗಡಿಯ ಹತ್ತಿರ ಕರ್ನಾಟಕದ ಟವರನ್ನೂ ಹಿಡಿಯುವುದುಂಟು. ಕಂಪೆನಿಗಳು ಕರೆ ವಿವರವನ್ನು ಕನಿಷ್ಠ 2 ವರ್ಷ ಇಟ್ಟಿರಬೇಕು. ತಮ್ಮನ ಪರವಾಗಿರುವ ಕರೆಗಳಿದ್ದರೆ ಅಳಿಸದಂತೆ ಕೋರ್ಟಿನಿಂದ ಆದೇಶ ಪಡೆಯಲು ತಡಮಾಡಬೇಡಿ.

ನೀವು ಕೇಳಿದ ಮರುಪರೀಕ್ಷೆಗೆ ಬರುತ್ತೇನೆ. ತೊಂಡಿ ಕೋರ್ಟಿನ ಸ್ವಾಧೀನದಲ್ಲಿರುವುದರಿಂದ ನೀವಾಗಿಯೇ ಖಾಸಗಿ ಲ್ಯಾಬಿಗೆ ಒಯ್ಯುವಂತಿಲ್ಲ. ಮಾದರಿ ಉಳಿದಿದ್ದರೆ ಬೇರೆ ಪ್ರಯೋಗಾಲಯಕ್ಕೆ, ಉದಾಹರಣೆಗೆ ಹೈದರಾಬಾದಿನ ಡಿಎನ್‌ಎ ಕೇಂದ್ರ ಸಿಡಿಎಫ್‌ಡಿಗೆ, ಕಳಿಸಲು ಅರ್ಜಿ ಹಾಕಬಹುದು. ಅಪಾಯವನ್ನೂ ತಿಳಿದಿರಿ. ಕತ್ತಿಯ ಕಲೆಯ ಡಿಎನ್‌ಎ ತೀರಿಕೊಂಡವರದ್ದೆಂದು ಬಂದರೆ, ಇವತ್ತು ದುರ್ಬಲವಾಗಿರುವ ಸಾಕ್ಷ್ಯವನ್ನು ನೀವೇ ಗಟ್ಟಿ ಮಾಡಿಕೊಟ್ಟಂತಾಗುತ್ತದೆ. ಉಳಿದ ಮಾದರಿ ಮುಗಿದೂ ಹೋಗಬಹುದು. ಅದಕ್ಕಿಂತ ಮೊದಲು ಕಡಿಮೆ ಅಪಾಯದ ದಾರಿಯಿದೆ. ಪ್ರಯೋಗಾಲಯದ ಪೂರ್ತಿ ಕಡತ, ಎಂದರೆ ಪರೀಕ್ಷೆಯ ಟಿಪ್ಪಣಿ, ಡಿಎನ್‌ಎ ಯಂತ್ರದ ಗ್ರಾಫುಗಳು, ಹೋಲಿಕೆಗಾಗಿ ಡಿಎನ್‌ಎ ಹಾಕದೆ ನೋಡಿದ ಖಾಲಿ ಮಾದರಿಯ ಫಲಿತಾಂಶ ಇವನ್ನು ತರಿಸಿ, ಸ್ವತಂತ್ರ ತಜ್ಞರೊಬ್ಬರಿಂದ ಓದಿಸುವುದು. ಅವರು ಕಂಡದ್ದರ ಮೇಲೆ ಮರುಪರೀಕ್ಷೆ ಬೇಕೇ ಬೇಡವೇ ನಿರ್ಧರಿಸಿ. ಅವರ ಅಭಿಪ್ರಾಯ ಸಾಕ್ಷ್ಯವಾಗಬೇಕಾದರೆ ಅವರೇ ಬಂದು ಪಾಟೀಸವಾಲು ಎದುರಿಸಬೇಕು, ಖರ್ಚೂ ಇದೆ.

ತಜ್ಞರನ್ನು ಕರೆಸಿ ಕೇಳುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ದಾಖಲೆಯಲ್ಲಿ ಖಾಲಿ ಬಿಟ್ಟದ್ದನ್ನು ಕೆಣಕಿ ಕೇಳಿದರೆ ಅವರು ಬಾಯಿಮಾತಿನಲ್ಲಿ ತುಂಬಿಬಿಡುತ್ತಾರೆ. ಎಲ್ಲಿ ಕೇಳಬೇಕು, ಯಾವುದನ್ನು ಹಾಗೆಯೇ ಬಿಟ್ಟು ವಾದದಲ್ಲಿ ತೋರಿಸಬೇಕು ಎಂಬುದು ಅನುಭವಿ ವಕೀಲರ ಕೈಕೆಲಸ. ಅದಕ್ಕಾಗಿಯೇ ಕೊಲೆ ಪ್ರಕರಣವನ್ನು ವಿಚಾರಣೆಯ ಹಂತದಲ್ಲಿ ಅಗ್ಗವಾಗಿ ನೋಡಬಾರದು. ಫೀಸಿಗೆ ಕಷ್ಟವಾದರೆ ವಿದ್ಯಾನಗರದ ಕೋರ್ಟ್ ಸಮುಚ್ಚಯಕ್ಕೆ ಹೋದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ, ಅಥವಾ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ.

ಸುಳ್ಳುಪತ್ತೆ ಪರೀಕ್ಷೆ ಬೇಡ. ಆ ಯಂತ್ರ ಅಳೆಯುವುದು ಬೆವರು, ಉಸಿರು, ನಾಡಿ; ತಿಂಗಳುಗಟ್ಟಲೆ ಜೈಲಿನಲ್ಲಿದ್ದು ಹೆದರಿದವರಲ್ಲಿ ಸತ್ಯ ಹೇಳುವಾಗಲೂ ಇವೆಲ್ಲ ಏರುತ್ತವೆ. 2010ರ ಸೆಲ್ವಿ ಪ್ರಕರಣದ ತೀರ್ಪಿನಂತೆ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗದು, ಆದರೆ ಅದರ ನೆರವಿನಿಂದ ಆಮೇಲೆ ಸಿಕ್ಕಿದ ವಸ್ತು ಸಾಕ್ಷ್ಯವಾಗಬಹುದು. ಗೆದ್ದರೆ ಬಿಡುಗಡೆಯಿಲ್ಲ, ಸೋತರೆ ನಷ್ಟವಿದೆ.

ಶಿಕ್ಷೆಯಾದರೆ ದಾರಿ ಮುಚ್ಚುವುದಿಲ್ಲ. ಜೀವಾವಧಿಯಾದರೆ ಎರ್ನಾಕುಳಂನ ಹೈಕೋರ್ಟಿಗೆ 60 ದಿನಗಳೊಳಗೆ ಮೇಲ್ಮನವಿ, ತೀರ್ಪಿನ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಜೈಲಿನ ಅಧಿಕಾರಿಯ ಮೂಲಕವೂ ಕಳಿಸಬಹುದು. ಶಿಕ್ಷೆ ತಡೆಹಿಡಿದು ಜಾಮೀನು ಕೊಡಲು ನಾಗರಿಕ ಸುರಕ್ಷಾ ಸಂಹಿತೆಯ 430, ಹೊಸ ಸಾಕ್ಷ್ಯ ತೆಗೆದುಕೊಳ್ಳಲು 432ನೇ ಕಲಮು ಇದೆ. ಆದರೆ ವಿಚಾರಣೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಮೇಲೆ ಕೇಳುವುದು ಬಲು ಕಷ್ಟ. ತೀರ್ಪಿನಲ್ಲಿ ತೊಂಡಿಯನ್ನು ನಾಶಪಡಿಸಲು ಆದೇಶ ಆಗುವುದು ರೂಢಿ. ಕೊನೆಯ ಮೇಲ್ಮನವಿ ಮುಗಿಯುವವರೆಗೆ ಅಂಗಿ, ಕತ್ತಿ, ಉಳಿದ ಮಾದರಿಗಳನ್ನು ಕಾಪಾಡಬೇಕೆಂದು ಮೊದಲೇ ಲಿಖಿತವಾಗಿ ಕೇಳಿ. ಪರಿಹಾರದ ವಿಷಯದಲ್ಲಿ ಸಮಾಧಾನ ಹೇಳಲಾರೆ. ತಪ್ಪಾಗಿ ಜೈಲು ಅನುಭವಿಸಿದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು, ಅಂಥ ಕಾನೂನು ಬಂದಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಅನ್ಯಾಯ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ‘ಇನ್ನೊಬ್ಬರೂ ಸೇರಿ ಎತ್ತಿದರು’ ಎಂದಿದೆ. ಆ ಇನ್ನೊಬ್ಬರ ಅಂಗಿ ಎಲ್ಲಿ? ಒಂದೇ ದೇಹವನ್ನು ಒಂದೇ ಹೊತ್ತಿಗೆ ಎತ್ತಿದ ಎರಡನೇ ಅಂಗಿಯಲ್ಲಿಯೂ ಅದೇ ತರದ ಕಲೆಯಿದ್ದರೆ, ನಿಮ್ಮ ತಮ್ಮನ ಮಾತಿಗೆ ಅದಕ್ಕಿಂತ ದೊಡ್ಡ ಬೆಂಬಲವಿಲ್ಲ. ಪೊಲೀಸರು ಅದನ್ನು ವಶಪಡಿಸಿಕೊಳ್ಳದಿದ್ದರೆ ಯಾಕೆಂದು ತನಿಖಾಧಿಕಾರಿಯನ್ನು ಕೇಳಲೇಬೇಕು. ಆದರೆ ನೀವಾಗಿ ಆ ಮನೆಗೆ ಹೋಗಬೇಡಿ. ಅವರು ಪ್ರಾಸಿಕ್ಯೂಷನ್ ಸಾಕ್ಷಿಗಳ ಪಟ್ಟಿಯಲ್ಲಿದ್ದರೆ, ಸಾಕ್ಷಿಯನ್ನು ಒಲಿಸಲು ಬಂದರು ಎಂಬ ಆರೋಪ ತಮ್ಮನ ತಲೆಗೆ ಬರುತ್ತದೆ. ಪಟ್ಟಿಯಲ್ಲಿ ಅವರ ಹೆಸರಿದೆಯೇ ನೋಡಿ, ಅಂಗಿಯ ವಿಷಯವನ್ನು ವಕೀಲರಿಗೆ ಬರೆದು ಕೊಡಿ. ಅದನ್ನು ತರಿಸಬೇಕಾದರೆ ಕೋರ್ಟಿನ ಮೂಲಕವೇ ತರಿಸಲಿ. ಜೀಪಿನ ಚಾಲಕರು, ಹಿಂದಿನ ಸೀಟಿನ ಕಲೆ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಕರೆತಂದವರು’ ಎಂಬ ಕಡೆ ಬರೆದ ಹೆಸರು, ಇವನ್ನೂ ಅದೇ ಹಾಳೆಯಲ್ಲಿ ಸೇರಿಸಿ.